ಹದ, ಪದನು, ವಾಫಸಾ

ಪದಗಳಿಗೆ ಅರ್ಥ ಹೇಳುವುದು ನನ್ನ ವೃತ್ತಿ. ಮೂರು ದಶಕಗಳಿಂದ ಅದನ್ನೇ ಮಾಡುತ್ತ ಬಂದಿದ್ದೇನೆ. ಆದರೂ ಕಳೆದ ವರ್ಷ ಮೊದಲ ಸೆಮಿಸ್ಟರಿನ ತರಗತಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ‘ಹದ’ ಎಂದರೇನು ಎಂದು ಕೇಳಿದಾಗ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಸರಿಯಾದ ಸ್ಥಿತಿ, ಪಾಕ, ಪಕ್ವತೆ ಎಂದು ನಿಘಂಟಿನ ಅರ್ಥಗಳನ್ನು ಸಾಲಾಗಿ ಹೇಳಿದೆ. ಆಗ ಹಿಂದಿನ ಬೆಂಚಿನಿಂದ, ಗಡಿಯಾಚೆಯ ಕಂಬದೂರಿನ ಕಡೆಯಿಂದ ಬರುವ ಹುಡುಗನೊಬ್ಬ ಎದ್ದುನಿಂತು, “ಮೇಡಂ, ನಮ್ಮಲ್ಲಿ ಅದಕ್ಕೆ ಪದನು ಅಂತಾರೆ. ಮಳೆ ಬಂದ ಮಾರನೇ ದಿನ ನಮ್ಮಪ್ಪ ಹೊಲಕ್ಕೆ ಹೋಗಿ ನೋಡಿಕೊಂಡು ಬರ್ತಾರಲ್ಲ, ಅದು” ಎಂದ. ತರಗತಿ ನಕ್ಕಿತು. ನಾನು ನಗಲಿಲ್ಲ. ಆ ಪದದ ಜೊತೆ ನನಗೊಂದು ಹಳೆಯ ಲೆಕ್ಕ ಬಾಕಿಯಿತ್ತು.

ಹಳಗನ್ನಡದ ಪಕಾರ ಮುಂದೆ ಹಕಾರವಾದ ಸಂಗತಿ ನಿಮಗೆಲ್ಲ ಗೊತ್ತಿರುವುದೇ. ಪಾಲು ಹಾಲಾಯಿತು, ಪೂವು ಹೂವಾಯಿತು. ಹಾಗೆಯೇ ‘ಪದನ್’ ಎಂಬುದು ‘ಹದನು’, ‘ಹದ’ ಎಂದಾಯಿತು. ತೆಲುಗು ತನ್ನ ಪಕಾರವನ್ನು ಬಿಟ್ಟುಕೊಡಲಿಲ್ಲವಾಗಿ ಅಲ್ಲಿ ಅದು ಪದನಾಗಿಯೇ ಉಳಿಯಿತು. ಇನ್ನು ಮೂರನೆಯ ಪದವೊಂದಿದೆ. ಅದನ್ನು ನಾನು ಈ ಎರಡಕ್ಕಿಂತ ಮೊದಲೇ ಕಲಿತೆ. ಚಿಕ್ಕೋಡಿ ತಾಲ್ಲೂಕಿನಲ್ಲಿ ದೂಧಗಂಗೆಯ ದಂಡೆಯ ಹಳ್ಳಿ ನನ್ನದು. ಮನೆಮಾತು ಕನ್ನಡ. ನಾಲ್ಕನೆಯ ಇಯತ್ತೆಯವರೆಗೆ ಮರಾಠಿ ಶಾಲೆ, ಅಲ್ಲಿಂದ ಮುಂದೆ ಕನ್ನಡ ಶಾಲೆ. ನನ್ನ ಅಜ್ಜ ಮಳೆ ನಿಂತ ಮೇಲೆ ಹೊಲಕ್ಕಿಳಿದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಅಮುಕುತ್ತಿದ್ದರು. ಅದು ಉಂಡೆಯಾಗಬೇಕು, ಕೈಬಿಟ್ಟರೆ ನೆಲಕ್ಕೆ ಬಿದ್ದು ಒಡೆಯಬೇಕು. ಉಂಡೆಯೇ ಆಗದಿದ್ದರೆ ತೇವ ಸಾಲದು. ಅಂಗೈಗೆ ಮೆತ್ತಿಕೊಂಡರೆ ತೇವ ಹೆಚ್ಚು. ಎರಡೂ ಅಲ್ಲದ ಆ ನಡುವಣ ಸ್ಥಿತಿ ಬಂದ ದಿನ ಅವರು ಹೊಲಗೆಲಸದ ಆಳುಗಳಿಗೆ ಮರಾಠಿಯಲ್ಲಿ “ವಾಫಸಾ ಆಲಾ” ಎನ್ನುತ್ತಿದ್ದರು. ‘ವಾಫ’ ಎಂದರೆ ಉಗಿ; ಸಂಸ್ಕೃತದ ಬಾಷ್ಪ. ಮಣ್ಣಿನ ಕಣಗಳ ನಡುವೆ ನೀರು ನಿಂತಿರದೆ, ಗಾಳಿಯೂ ತೇವವೂ ಒಟ್ಟಿಗೆ ಇರುವ ಸ್ಥಿತಿ ಅದು. ಬೇರಿಗೆ ಬೇಕಾದದ್ದು ನೀರಿಗಿಂತ ಹೆಚ್ಚಾಗಿ ಇದೇ ಎಂಬುದನ್ನು ನಾನು ತಿಳಿದುಕೊಳ್ಳಲು ಐವತ್ತು ವರ್ಷ ಬೇಕಾಯಿತು.

ಅಜ್ಜನ ಕಾಲದ ನಂತರ ನಮ್ಮ ಹಳ್ಳಿಗೆ ಕಬ್ಬು ಬಂತು. ನದಿ ಪಕ್ಕದಲ್ಲಿತ್ತು, ಪಂಪು ಬಂತು, ಸಕ್ಕರೆ ಕಾರ್ಖಾನೆ ಬಂತು. ವರ್ಷವಿಡೀ ಹೊಲಕ್ಕೆ ನೀರು ಹಾಯಿಸಿದ್ದೇ ಹಾಯಿಸಿದ್ದು. ನೀರು ಬಸಿದುಹೋಗಲು ದಾರಿಯಿಲ್ಲದ ಕಪ್ಪು ಎರೆ ಭೂಮಿಯಲ್ಲಿ ಅಂತರ್ಜಲದ ಮಟ್ಟ ಮೇಲೇರಿತು. ಅದರೊಡನೆ ಕೆಳಗಿನ ಲವಣವೂ ಮೇಲಕ್ಕೆ ಬಂದು, ನೀರು ಆವಿಯಾದಂತೆ ನೆಲದ ಮೇಲೆ ಬಿಳಿಯ ಪೊರೆಯಾಗಿ ಉಳಿಯಿತು. ಅದನ್ನು ನಮ್ಮಲ್ಲಿ ಸವಳು ಎನ್ನುತ್ತಾರೆ. ನನ್ನ ತಂದೆಯವರ ಎರಡು ಎಕರೆ ಹಾಗೆಯೇ ಸವಳಾಯಿತು. ಕೃಷ್ಣೆಯ ಬಯಲಿನಲ್ಲಿ, ಸಾಂಗಲಿ, ಕೊಲ್ಹಾಪುರ, ಬೆಳಗಾವಿ ಜಿಲ್ಲೆಗಳಲ್ಲಿ ಇಂತಹ ಭೂಮಿ ಇಂದು ಸಾವಿರಾರು ಎಕರೆಯಷ್ಟಿದೆ. ನೀರು ಸಾಲದೆ ಕೆಡುವ ಭೂಮಿಯನ್ನು ಎಲ್ಲರೂ ಬಲ್ಲರು. ನೀರು ಹೆಚ್ಚಾಗಿ ಕೆಟ್ಟ ಭೂಮಿಯನ್ನು ನಾನು ಮೊದಲು ಕಂಡೆ.

1995ರಲ್ಲಿ ಮದುವೆಯಾಗಿ ಕುಂದುರ್ಪಿಗೆ ಬಂದೆ. ಕಲ್ಯಾಣದುರ್ಗದ ದಕ್ಷಿಣಕ್ಕೆ, ಕರ್ನಾಟಕದ ಗಡಿಗೆ ತಾಗಿಕೊಂಡಂತಿರುವ ಊರು. ಬೆಟ್ಟದ ಮೇಲೆ ಪಾಳೆಯಗಾರರ ಕಾಲದ ಕೋಟೆ. ಕೆಳಗೆ ಕೆಂಪು ಮಸಾರಿ ಹೊಲಗಳು. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆಯನ್ನು ಮಾಡಿದರು. 1953ರಲ್ಲಿ ಆಂಧ್ರ ರಾಜ್ಯವಾಯಿತು. ಗಡಿಗೆರೆಗಳು ಹೀಗೆ ಬದಲಾಗುತ್ತ ಹೋದರೂ ಇಲ್ಲಿನ ಮನೆಗಳಲ್ಲಿ ಕನ್ನಡ, ತೆಲುಗು ಎರಡೂ ಒಂದೇ ಒಲೆಯ ಮುಂದೆ ಕುಳಿತಿವೆ. ನನ್ನ ಅತ್ತೆಯವರ ಮಾತಿನಲ್ಲಿ ಒಂದು ವಾಕ್ಯ ಕನ್ನಡದಲ್ಲಿ ಆರಂಭವಾಗಿ ತೆಲುಗಿನಲ್ಲಿ ಮುಗಿಯುತ್ತಿತ್ತು. ನಾನು ನವಣೆ ಎಂದರೆ ಅವರು ಕೊರ್ರ ಎನ್ನುವರು. ನನ್ನ ತವರಿನ ಮರಾಠಿಯಲ್ಲಿ ಅದು ರಾಳೆ. ನಾನು ಹುರುಳಿ ಎಂದರೆ ಅವರದು ಉಲವ, ಮರಾಠಿಯಲ್ಲಿ ಹುಲಗಾ. ಜೋಳ, ಜೊನ್ನ, ಜೋಂಧಳಾ. ಮೊದಲ ವರ್ಷದಲ್ಲಿ ನಮ್ಮಿಬ್ಬರ ಮಾತುಕತೆಯೆಲ್ಲ ಹೀಗೆ ಕಾಳುಗಳ ಹೆಸರು ಬದಲಾಯಿಸಿಕೊಳ್ಳುವುದರಲ್ಲೇ ನಡೆಯಿತು.

ಅನಂತಪುರ ಸೀಮೆ ಮಳೆಯ ನೆರಳಿನ ನಾಡು. ನೈಋತ್ಯ ಮಾರುತ ಪಶ್ಚಿಮಘಟ್ಟಗಳನ್ನು ದಾಟಿ ಇಲ್ಲಿಗೆ ಬರುವಷ್ಟರಲ್ಲಿ ಬರಿದಾಗಿರುತ್ತದೆ. ಈಶಾನ್ಯ ಮಾರುತಕ್ಕೆ ಇದು ಕರಾವಳಿಯಿಂದ ದೂರ. ವರ್ಷದ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್. ಅದೂ ಎರಡು ಮೂರು ವರ್ಷಕ್ಕೊಮ್ಮೆ ಕೈಕೊಡುತ್ತದೆ. ಧಾತು ಸಂವತ್ಸರದಲ್ಲಿ, ಅಂದರೆ 1876ರಲ್ಲಿ ತೊಡಗಿದ ಮಹಾಕ್ಷಾಮದ ಹೆಸರನ್ನು ಈ ಸೀಮೆಯ ಹಿರಿಯರು ನಿನ್ನೆ ಮೊನ್ನೆಯದೆಂಬಂತೆ ಎತ್ತುತ್ತಿದ್ದರು. ಇಷ್ಟಾದರೂ ಒಂದು ಸರಳ ಗಣಿತವನ್ನು ನಾವು ಯಾರೂ ಮಾಡಿರಲಿಲ್ಲ. ಒಂದು ಎಕರೆ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು ನಾಲ್ಕು ಸಾವಿರ ಲೀಟರ್ ನೀರು. 550 ಮಿಲಿಮೀಟರ್ ಎಂದರೆ ಎಕರೆಗೆ 22 ಲಕ್ಷ ಲೀಟರ್. ನಮ್ಮ ಮನೆಯ ಏಳು ಎಕರೆಗೆ ಒಂದೂವರೆ ಕೋಟಿ ಲೀಟರಿಗೂ ಮಿಗಿಲು. ಈ ನೀರು ಪ್ರತಿವರ್ಷ ತಲೆಯ ಮೇಲೇ ಬರುತ್ತಿತ್ತು. ಕೆಂಪು ಮಣ್ಣಿನ ಮೇಲೆ ಜೋರು ಹನಿ ಬಿದ್ದಾಗ ಮೇಲ್ಪದರ ಗಟ್ಟಿಕಟ್ಟುತ್ತದೆ. ನೀರು ಒಳಗಿಳಿಯದೆ, ಒಂದಿಷ್ಟು ಮಣ್ಣನ್ನೂ ಎತ್ತಿಕೊಂಡು, ಹಳ್ಳಕ್ಕೆ ಹರಿದುಹೋಗುತ್ತದೆ. ಒಳಗಿಳಿದದ್ದು ಬಿಸಿಲಿಗೆ ಆವಿಯಾಗುತ್ತದೆ. ಹದ ಬಂದದ್ದು ಎರಡು ದಿನಕ್ಕೆ ಹಾರಿಹೋಗುತ್ತದೆ. ಇಲ್ಲಿನ ಬಡತನದ ಒಂದು ದೊಡ್ಡ ಕಾರಣ ಈ ಎರಡು ದಿನದ ಲೆಕ್ಕದಲ್ಲಿದೆ.

ನಾನು ಬಂದ ಹೊತ್ತಿಗೆ ಅತ್ತೆಯವರ ಹೊಲದಲ್ಲಿ ಹಳೆಯ ಪದ್ಧತಿಯ ಕೊನೆಯ ತುಣುಕೊಂದು ಉಳಿದಿತ್ತು. ಏಳು ಎಕರೆಯಲ್ಲಿ ಒಂದು ಎಕರೆಯನ್ನು ಅವರು ಹಟ ಹಿಡಿದು ಅಕ್ಕಡಿಗೆ ಬಿಡಿಸಿಕೊಳ್ಳುತ್ತಿದ್ದರು. ಕೂರಿಗೆಯಲ್ಲಿ ನವಣೆಯೋ ಸಜ್ಜೆಯೋ ಬೀಳುತ್ತಿದ್ದರೆ, ಅದರ ಹಿಂದೆ ಬಿದಿರಿನ ಕೊಳವೆ ಹಿಡಿದು ನಡೆಯುತ್ತ ಅವರು ತೊಗರಿ, ಅಲಸಂದೆ, ಅವರೆ, ಹೆಸರು ಬಿಡುತ್ತಿದ್ದರು. ಅಂಚಿಗೆ ಜೋಳ ಮತ್ತು ಹರಳು. ನವಣೆ ತೊಂಬತ್ತು ದಿನದೊಳಗೆ ಮನೆಗೆ ಬರುತ್ತದೆ. ಆಮೇಲೆ ತೊಗರಿಗೆ ಇಡೀ ಹೊಲವೂ ಹಿಂಗಾರಿನ ಮಳೆಯೂ ಸಿಗುತ್ತದೆ. ಒಂದರ ಬೇರು ಗೇಣಿನಾಳದಲ್ಲಿ, ಇನ್ನೊಂದರದು ಆಳುದ್ದ. ದ್ವಿದಳದ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ. ಹಬ್ಬಿದ ಅಲಸಂದೆಯ ಬಳ್ಳಿ ನೆಲವನ್ನು ಮುಚ್ಚಿ ಹದವನ್ನು ಇನ್ನೊಂದು ವಾರ ಹಿಡಿದಿಡುತ್ತದೆ. ಆರಿದ್ರೆ ಕೈಕೊಟ್ಟರೆ ಒಂದು ಬೆಳೆ ಹೋಗುತ್ತದೆ, ಉತ್ತರೆ ಕೈಕೊಟ್ಟರೆ ಇನ್ನೊಂದು. ಎಲ್ಲವೂ ಹೋದರೆ ಕಡೆಗೆ ಹುರುಳಿ ಚೆಲ್ಲುವುದಿತ್ತು. ಎಲ್ಲವೂ ಬರುವ ವರ್ಷ ಅಪರೂಪ, ಏನೂ ಬಾರದ ವರ್ಷ ಅದಕ್ಕಿಂತ ಅಪರೂಪ.

ಉಳಿದ ಆರು ಎಕರೆಯಲ್ಲಿ ಶೇಂಗಾ. ಇಡೀ ಜಿಲ್ಲೆಯೇ ಆಗ ಶೇಂಗಾಮಯ. ಇದನ್ನು ರೈತರ ದುರಾಸೆ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಎಣ್ಣೆಕಾಳುಗಳಿಗಾಗಿ 1986ರಲ್ಲಿ ಕೇಂದ್ರ ಸರ್ಕಾರ ತಂತ್ರಜ್ಞಾನ ಮಿಷನ್ ಆರಂಭಿಸಿತು. ಬೀಜಕ್ಕೆ ಸಬ್ಸಿಡಿ, ಬೆಳೆಸಾಲ, ಬೆಳೆವಿಮೆ, ಮಂಡಿ ಎಲ್ಲವೂ ಶೇಂಗಾದ ಸುತ್ತ ಸೇರಿಕೊಂಡವು. ಇನ್ನೊಂದೆಡೆ 1983ರಿಂದ ಆಂಧ್ರದಲ್ಲಿ ಕಿಲೋಗೆ ಎರಡು ರೂಪಾಯಿಯ ಅಕ್ಕಿ ಬಂತು. ಹಸಿದವರಿಗೆ ಅದು ಸಣ್ಣ ಉಪಕಾರವಲ್ಲ. ಆದರೆ ಅನ್ನ ಬಂದ ಮೇಲೆ ನವಣೆ ಬೆಳೆಯಲು ಕಾರಣವೇ ಉಳಿಯಲಿಲ್ಲ. ನವಣೆಯನ್ನು ಒರಳಿಗೆ ಹಾಕಿ ಒನಕೆಯಿಂದ ಕುಟ್ಟುತ್ತಿದ್ದ ಹೆಣ್ಣುಮಕ್ಕಳ ಅಂಗೈಗಳು ಆ ಅಕ್ಕಿಯನ್ನು ಹೇಗೆ ಬರಮಾಡಿಕೊಂಡಿರಬೇಕು ಎಂಬುದನ್ನು, ಸಿರಿಧಾನ್ಯದ ಬಗ್ಗೆ ಭಾಷಣ ಮಾಡುವ ನಾವು ಮರೆಯಬಾರದು. ಅತ್ತೆಯವರ ಬಲ ಅಂಗೈಯ ಜಡ್ಡನ್ನು ನಾನು ಮುಟ್ಟಿ ನೋಡಿದ್ದೇನೆ.

ಶೇಂಗಾದ ಸ್ವಭಾವ ವಿಚಿತ್ರವಾದದ್ದು. ಅದರ ಹೂ ನೆಲದ ಮೇಲೆ, ಕಾಯಿ ನೆಲದೊಳಗೆ. ಹೂವಿನಿಂದ ಇಳಿಯುವ ಹೀಚು ಮಣ್ಣನ್ನು ಚುಚ್ಚಿ ಒಳಹೋಗುವ ದಿನಗಳಲ್ಲಿ ಹದ ಇಲ್ಲದಿದ್ದರೆ ಗಿಡ ಹಸಿರಾಗಿಯೇ ಇರುತ್ತದೆ. ಕಿತ್ತು ನೋಡಿದರೆ ಕಾಯಿಯಿಲ್ಲ. ಎಕರೆಗೆ ನಲವತ್ತು ಐವತ್ತು ಕಿಲೋ ಕಾಳು ಬಿತ್ತಬೇಕು. ನವಣೆಗಾದರೆ ಮೂರು ನಾಲ್ಕು ಕಿಲೋ ಸಾಕು. ಅಂದರೆ ಮಳೆಗೆ ಮುಂಚೆಯೇ ಸಾಲ. ಇಡೀ ಸೀಮೆ ಒಂದೇ ಬೆಳೆಯ ಮೇಲೆ ಕುಳಿತರೆ ಏನಾಗುತ್ತದೆಂಬುದು 2000ದಲ್ಲಿ ತಿಳಿಯಿತು. ಆ ವರ್ಷ ಅನಂತಪುರ ಜಿಲ್ಲೆಯ ಸುಮಾರು ಎರಡೂಕಾಲು ಲಕ್ಷ ಹೆಕ್ಟೇರ್ ಶೇಂಗಾ ಕಾಂಡಕೊಳೆಯಂತೆ ಕಾಣುವ ಹೊಸ ರೋಗಕ್ಕೆ ತುತ್ತಾಯಿತು. ವಿಜ್ಞಾನಿಗಳು ಅದನ್ನು ಒಂದು ವೈರಾಣುವಿನ ಕೆಲಸವೆಂದು ಪತ್ತೆಹಚ್ಚಿದರು. ವೈರಾಣುವಿನ ಮನೆ ಬದುಗಳಲ್ಲಿ ಬೆಳೆದ ಪಾರ್ಥೇನಿಯಂ ಕಳೆ. ಅದರ ಪರಾಗವನ್ನು ಹೊತ್ತು ತರುವುದು ಥ್ರಿಪ್ಸ್ ಎಂಬ ಸಣ್ಣ ನುಸಿ. ಪರಿಹಾರಗಳಲ್ಲಿ ಒಂದಾಗಿ ಅವರು ಹೇಳಿದ್ದು ಹೊಲದ ಅಂಚಿಗೆ ಜೋಳ ಅಥವಾ ಸಜ್ಜೆಯ ಸಾಲುಗಳನ್ನು ಬೆಳೆಸಿರಿ, ನುಸಿಗೆ ಅಡ್ಡಗೋಡೆಯಾಗುತ್ತದೆ ಎಂದು. ಆ ಮಾತನ್ನು ಪತ್ರಿಕೆಯಲ್ಲಿ ಓದಿ ಮನೆಯಲ್ಲಿ ಹೇಳಿದಾಗ ಅತ್ತೆಯವರು ಏನೂ ಅನ್ನಲಿಲ್ಲ. ಅವರ ಒಂದು ಎಕರೆಯ ಅಂಚಿನಲ್ಲಿ ಜೋಳ ನಿಂತೇ ಇತ್ತು.

ಈಗ ನನ್ನ ಬಾಕಿಯ ಲೆಕ್ಕಕ್ಕೆ ಬರುತ್ತೇನೆ.

1997ರಲ್ಲಿ ಮೊದಲ ಬೋರ್‌ವೆಲ್ ಕೊರೆಸಿದೆವು, ನೀರು ಬಂತು. ಮೈದುನ ಮೂರು ಎಕರೆಗೆ ಚೀನಿ ಗಿಡ, ಅಂದರೆ ಮೂಸಂಬಿ, ಹಾಕಿದರು. ಗಿಡ ಫಲಕ್ಕೆ ಬರುವ ಹೊತ್ತಿಗೆ ನೀರು ಬತ್ತಿತು. ಎರಡನೆಯದು ಎರಡು ಬೇಸಿಗೆ ಬದುಕಿತು. 2003ರಲ್ಲಿ ಮೂರನೆಯದಕ್ಕೆ ಮನೆಯಲ್ಲಿ ಹಣವಿರಲಿಲ್ಲ. ನಾನು ನನ್ನ ವೇತನ ಪ್ರಮಾಣಪತ್ರವನ್ನು ಒತ್ತೆಯಿಟ್ಟು ಸಾಲ ತೆಗೆದೆ. ಯಾರೂ ಬಲವಂತ ಮಾಡಿರಲಿಲ್ಲ. ಓದಿದ ಸೊಸೆ ಮನೆಗೆ ಏನಾದರೂ ಮಾಡಬೇಕೆಂಬ ಹಂಬಲ. ರಾತ್ರಿಯೆಲ್ಲ ಕೊರೆದರು. ಆರುನೂರ ನಲವತ್ತು ಅಡಿಯವರೆಗೂ ಬಿಳಿಯ ಕಲ್ಲುಹಿಟ್ಟೇ ಮೇಲೆ ಬಂತು. ಬೆಳಗಾಗುವ ಹೊತ್ತಿಗೆ ಅಂಗಳದ ಹುಣಸೆಯ ಎಲೆಗಳೆಲ್ಲ ಬಿಳಿದಾಗಿದ್ದವು. ಅತ್ತೆಯವರು ಮೆಲ್ಲಗೆ, “ಆ ದುಡ್ಡಿಗೆ ಎಷ್ಟು ಜೊತೆ ಎತ್ತು ಬರುತ್ತಿದ್ದವಮ್ಮಾ?” ಎಂದು ಕೇಳಿದರು. ವ್ಯಂಗ್ಯವಾಗಿ ಅಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದರು. ನಾನು ಉತ್ತರ ಹೇಳಲಿಲ್ಲ. ಎರಡು ಬೇಸಿಗೆ ಟ್ಯಾಂಕರ್ ನೀರು ಹೊಡೆಸಿ, ಕೊನೆಗೆ ಚೀನಿ ಗಿಡಗಳನ್ನು ಕಡಿದು ಸೌದೆಗೆ ಹಾಕಿದೆವು. ಸಾಲ ತೀರಲು ಐದು ವರ್ಷ ಹಿಡಿಯಿತು. ಸಂಬಳವಿದ್ದ ನನಗೆ ತೀರಿತು. ಸಂಬಳವಿಲ್ಲದ ಎಷ್ಟೋ ಮನೆಗಳಲ್ಲಿ ಅದೇ ಸಾಲ ಏನು ಮಾಡಿತೆಂಬುದು ಈ ಜಿಲ್ಲೆಯ ರೈತರ ಆತ್ಮಹತ್ಯೆಗಳ ಸುದ್ದಿ ಓದಿದವರಿಗೆ ಗೊತ್ತಿದೆ.

ಆದರೆ ಸಾಲಕ್ಕಿಂತ ಭಾರವಾದದ್ದು ಇನ್ನೊಂದಿದೆ. ಅತ್ತೆಯವರು 2011ರಲ್ಲಿ ತೀರಿಕೊಂಡರು. ತಿಂಗಳ ಮೇಲೆ ಮನೆ ಸ್ವಚ್ಛ ಮಾಡುವಾಗ ಅಟ್ಟದ ಮೇಲೆ ಒಂಬತ್ತು ಮಡಕೆಗಳು ಸಿಕ್ಕವು. ಬಾಯಿಗೆ ಸಗಣಿ ಮೆತ್ತಿ ಮುಚ್ಚಿದ ಮಡಕೆಗಳು. ಒಳಗೆ ಬೂದಿ ಮತ್ತು ಬೇವಿನ ಎಲೆಯ ನಡುವೆ ಬೀಜ. ಕೆಂಪು ತೆನೆಯ ಒಂದು ನವಣೆ, ಹಳದಿಯ ಇನ್ನೊಂದು, ಚಿಕ್ಕ ಕಪ್ಪು ಹುರುಳಿ, ಮಚ್ಚೆಯ ಅಲಸಂದೆ, ಹೆಸರೇ ತಿಳಿಯದ ಎರಡು ಮೂರು ಕಾಳು. ಒಂದೆರಡು ಮಡಕೆಗೆ ಹುಳು ಬಿದ್ದಿತ್ತು. “ಇವನ್ನೆಲ್ಲ ಇನ್ನು ಯಾರು ಬಿತ್ತುತ್ತಾರೆ?” ಎಂದು ನಾನೇ ಹೇಳಿದೆ. ಒಳ್ಳೆಯವು ನೆರೆಮನೆಯ ಕೋಳಿಗೆ ಹೋದವು, ಹುಳುಬಿದ್ದವು ತಿಪ್ಪೆಗೆ. ಪ್ರತಿಯೊಂದಕ್ಕೂ ಅತ್ತೆಯವರು ಇಟ್ಟಿದ್ದ ಹೆಸರುಗಳಿದ್ದವು. ಬಿತ್ತುವ ದಿನ ಅವನ್ನು ಹೇಳಿ ಹೇಳಿ ನನ್ನ ಕೈಗೆ ಕೊಡುತ್ತಿದ್ದರು. ಹಸ್ತಪ್ರತಿಗಳ ರಕ್ಷಣೆಯ ಬಗ್ಗೆ ಪಾಠ ಮಾಡುವ ನಾನು ಆ ಹೆಸರುಗಳಲ್ಲಿ ಒಂದನ್ನೂ ಬರೆದಿಟ್ಟುಕೊಂಡಿರಲಿಲ್ಲ.

ಆಂಧ್ರ ಸರ್ಕಾರದ ರೈತು ಸಾಧಿಕಾರ ಸಂಸ್ಥೆ ನೈಸರ್ಗಿಕ ಕೃಷಿಯ ಕಾರ್ಯಕ್ರಮವನ್ನು ಹಳ್ಳಿಗಳಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಮೂಲಕ ಹಬ್ಬಿಸತೊಡಗಿತ್ತು. 2019ರ ಬೇಸಿಗೆಯಲ್ಲಿ ಮೈದುನನ ಹೆಂಡತಿ ಅಲ್ಲಿಂದ ಒಂದು ತೆಲುಗು ಕರಪತ್ರ ತಂದಳು. ಓದುತ್ತ ಓದುತ್ತ ನಾನು ಒಂದು ಪದದ ಮುಂದೆ ನಿಂತುಬಿಟ್ಟೆ: ವಾಫಸಾ. ನನ್ನ ಅಜ್ಜನ ಪದ ತೆಲುಗು ಲಿಪಿಯಲ್ಲಿ! ಆಮೇಲೆ ತಿಳಿಯಿತು, ಈ ಪದ್ಧತಿಯ ಹಿಂದಿರುವ ಸುಭಾಷ್ ಪಾಳೇಕರ್ ಅವರು ವಿದರ್ಭದ ಅಮರಾವತಿ ಜಿಲ್ಲೆಯವರು. ಬೀಜಾಮೃತ, ಜೀವಾಮೃತ, ಆಚ್ಛಾದನ ಎಂಬ ಸಂಸ್ಕೃತ ಹೆಸರುಗಳ ಜೊತೆಗೆ ನಾಲ್ಕನೆಯದಾಗಿ ಮರಾಠಿ ರೈತನ ಮನೆಮಾತನ್ನೇ ಇಟ್ಟಿದ್ದಾರೆ. ಮೈದುನ ಆ ಪದವನ್ನು ಏನೆಂದು ಕೇಳಿದರು. “ಪದನು” ಎಂದೆ. “ಇಷ್ಟೇನಾ ಅತ್ತಿಗೆ? ಇದನ್ನು ನಮ್ಮಮ್ಮ ಹೇಳುತ್ತಿದ್ದಳಲ್ಲ” ಎಂದರು.

ಅರ್ಧ ಎಕರೆಯಲ್ಲಿ ಶುರುಮಾಡಿದರು. ಮುಂಗಾರಿಗೆ ಮುಂಚೆಯೇ, ಏಪ್ರಿಲ್ ಕೊನೆಯಲ್ಲಿ, ಒಣ ನೆಲಕ್ಕೆ ಬಿತ್ತುವ ಪದ್ಧತಿ ಅದು. ಇದರ ಆರಂಭದ ಪ್ರಯೋಗಗಳು ನಡೆದದ್ದು ಅನಂತಪುರ ಜಿಲ್ಲೆಯಲ್ಲೇ. ಹದಿನೈದು ಬಗೆಯ ಬೀಜಗಳನ್ನು ಸಗಣಿ ಗಂಜಲದ ದ್ರಾವಣದಲ್ಲಿ ನೆನೆಸಿ, ಜೇಡಿಮಣ್ಣು, ಬೂದಿಗಳ ಪದರ ಕೊಟ್ಟು ನೆರಳಲ್ಲಿ ಒಣಗಿಸಿದರು. ಆ ಹೊದಿಕೆಯಿಂದ ಇರುವೆ, ಹಕ್ಕಿ ದೂರವಿರುತ್ತವೆ. ತುಂತುರು ಮಳೆಗೆ ಬೀಜ ಅವಸರಪಟ್ಟು ಮೊಳೆಯುವುದಿಲ್ಲ. ಬಿತ್ತಿದ ಮೇಲೆ ಶೇಂಗಾ ಹೊಟ್ಟು, ಒಣಹುಲ್ಲಿನ ಹೊದಿಕೆ. ಮೇ ತಿಂಗಳ ಒಂದೆರಡು ಮಳೆಗೇ ನೆಲ ಹಸಿರಾಯಿತು. ಆ ಹಸಿರಿನಲ್ಲಿ ಒಂದಿಷ್ಟು ದನಕ್ಕೆ, ಉಳಿದದ್ದು ಅಲ್ಲೇ ಮಣ್ಣಿಗೆ. ಆಮೇಲೆ ಶೇಂಗಾ ಬಿತ್ತಿದರು, ಆದರೆ ಏಳು ಸಾಲಿಗೊಂದು ತೊಗರಿ, ಅಂಚಿಗೆ ಜೋಳ, ಸಜ್ಜೆ. ಏಳು ಸಾಲಿಗೊಂದು ತೊಗರಿಯನ್ನು ಕೃಷಿ ವಿಜ್ಞಾನಿಗಳೂ ಈ ಸೀಮೆಗೆ ಬಹುಕಾಲದಿಂದ ಶಿಫಾರಸು ಮಾಡುತ್ತ ಬಂದಿದ್ದಾರೆ. ಬೇಸಿಗೆಯಲ್ಲಿ ಕುರಿಗಾಹಿಗಳನ್ನು ಕರೆದು ಹೊಲದಲ್ಲಿ ಮಂದೆ ನಿಲ್ಲಿಸುವ ಹಳೆಯ ರೂಢಿಯನ್ನೂ ಮತ್ತೆ ತಂದರು. ಮೂರನೆಯ ವರ್ಷ ನಾನು ಮಳೆಯಾದ ನಾಲ್ಕನೆಯ ದಿನ ಹೋಗಿ ಎರಡು ಕಡೆ ಮಣ್ಣು ಹಿಡಿದು ನೋಡಿದೆ. ಪಕ್ಕದ ಬೋಳು ಹೊಲದ ಮಣ್ಣು ಬೆರಳ ಸಂದಿಯಿಂದ ಜಾರಿತು. ನಮ್ಮ ಅರ್ಧ ಎಕರೆಯ ಮಣ್ಣು ಉಂಡೆಯಾಯಿತು, ಕೈಬಿಟ್ಟಾಗ ಒಡೆಯಿತು.

ಇಷ್ಟಕ್ಕೇ ಇದನ್ನು ಪವಾಡವೆಂದು ಕರೆಯಲು ನಾನು ಸಿದ್ಧಳಿಲ್ಲ. ಜೀವಾಮೃತವೊಂದರಿಂದಲೇ ಎಲ್ಲ ಬೆಳೆಗೂ ಬೇಕಾದ ಪೋಷಕಾಂಶ ಸಿಗುತ್ತದೆಂಬ ಮಾತನ್ನು ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿ 2019ರಲ್ಲಿ ಸಂದೇಹಿಸಿತು. ಆ ಸಂದೇಹವನ್ನು ಗೌರವಿಸಬೇಕು. 2021ರಲ್ಲಿ ಶ್ರೀಲಂಕಾ ರಸಗೊಬ್ಬರದ ಆಮದನ್ನು ಒಮ್ಮೆಗೇ ನಿಷೇಧಿಸಿ, ಬೆಳೆ ಕುಸಿದು, ಅದೇ ವರ್ಷ ಹಿಂದೆಗೆದುಕೊಂಡದ್ದೂ ನಮ್ಮ ಕಣ್ಣೆದುರಿದೆ. ಇನ್ನೊಂದೆಡೆ ಆಂಧ್ರದ ಈ ಕಾರ್ಯಕ್ರಮಕ್ಕೆ 2024ರಲ್ಲಿ ಪೋರ್ಚುಗಲ್ಲಿನ ಗುಲ್ಬೆಂಕಿಯನ್ ಪ್ರಶಸ್ತಿ, ಮಣ್ಣುವಿಜ್ಞಾನಿ ರತನ್ ಲಾಲ್ ಮತ್ತು ಈಜಿಪ್ಟಿನ ಸೆಕೆಮ್ ಸಂಸ್ಥೆಯ ಜೊತೆ, ಹಂಚಿಕೆಯಾಗಿ ಬಂತು. ಪ್ರಶಸ್ತಿ, ಟೀಕೆ ಎರಡನ್ನೂ ಬದಿಗಿಟ್ಟು ನೋಡಿದರೂ ಕೆಲವು ಸಂಗತಿಗಳಲ್ಲಿ ವಾದಕ್ಕೆ ಅವಕಾಶವಿಲ್ಲ. ಮುಚ್ಚಿದ ನೆಲ ಬೋಳು ನೆಲಕ್ಕಿಂತ ಹೆಚ್ಚು ಕಾಲ ಹದ ಹಿಡಿಯುತ್ತದೆ. ಸಾವಯವ ಅಂಶವಿರುವ ಮಣ್ಣಿನಲ್ಲಿ ನೀರು ಹೆಚ್ಚು 잉ಗುತ್ತದೆ. ಹಲವು ಬೆಳೆಯ ಹೊಲ ಒಮ್ಮೆಗೇ ಸಾಯುವುದಿಲ್ಲ. ಸಾಲವಿಲ್ಲದೆ ಬಿತ್ತಿದವನು ಬೆಳೆ ಹೋದರೂ ಮುಂದಿನ ವರ್ಷ ಬಿತ್ತಬಲ್ಲ. ಬೇಸಾಯದ ಬಾಳಿಕೆ ಎಂದರೆ ಕೊನೆಗೆ ಇದೇ: ಕೆಟ್ಟ ವರ್ಷವನ್ನು ದಾಟಿ ಮರುವರ್ಷ ಬಿತ್ತಲು ಉಳಿದಿರುವುದು.

ಇದಕ್ಕೆ ಊರಿನ ಒಪ್ಪಂದವೂ ಬೇಕು. ಮಹಾರಾಷ್ಟ್ರದ ಹಿವರೆ ಬಜಾರ್ ಗ್ರಾಮದಲ್ಲಿ ಪೋಪಟರಾವ್ ಪವಾರರ ನೇತೃತ್ವದಲ್ಲಿ ಜನ ಪ್ರತಿವರ್ಷ ಮಳೆಯನ್ನು ಅಳೆದು, ಇರುವ ನೀರಿಗೆ ತಕ್ಕ ಬೆಳೆಯನ್ನು ಗ್ರಾಮಸಭೆಯಲ್ಲಿ ಗೊತ್ತುಮಾಡುತ್ತಾರೆ. ನೀರಾವರಿಗೆ ಕೊಳವೆಬಾವಿ ಕೊರೆಯುವುದನ್ನು ಅವರೇ ನಿಲ್ಲಿಸಿಕೊಂಡರು. ಅನಂತಪುರವೂ ಸೇರಿದಂತೆ ಆಂಧ್ರದ ಬರಪೀಡಿತ ಜಿಲ್ಲೆಗಳಲ್ಲಿ ಎರಡು ದಶಕಗಳ ಹಿಂದೆಯೇ ರೈತರು ತಮ್ಮ ಬಾವಿಗಳ ಮಟ್ಟವನ್ನು ತಾವೇ ಅಳೆದು ನೀರಿನ ಆಯವ್ಯಯ ಬರೆದ ಯೋಜನೆಯೊಂದು ನಡೆದಿತ್ತು. ಜ್ಯೋತಿಬಾ ಫುಲೆ 1883ರಲ್ಲೇ ‘ಶೇತಕರ್ಯಾಚಾ ಆಸೂಡ’ ಕೃತಿಯಲ್ಲಿ, ಬೆಟ್ಟದ ನೀರೂ ಮಣ್ಣೂ ಹರಿದುಹೋಗದಂತೆ ಒಡ್ಡು ಹಾಕಿ ಹೊಲದಲ್ಲೇ ಇಂಗಿಸಬೇಕೆಂದು ವಾದಿಸಿದ್ದರು. ಮಾರುಕಟ್ಟೆಯ ತೊಡಕಿಗೂ ಹತ್ತಿರದಲ್ಲೇ ಉತ್ತರವಿದೆ: ಚೆನ್ನೇಕೊತ್ತಪಲ್ಲಿಯ ಟಿಂಬಕ್ಟು ಕಲೆಕ್ಟಿವ್ ನೆರವಿನಿಂದ ಬೆಳೆದ ‘ಧರಣಿ’ ಸಹಕಾರ ಸಂಘ ಸದಸ್ಯ ರೈತರ ಸಿರಿಧಾನ್ಯವನ್ನು ಕೊಂಡು, ಸಂಸ್ಕರಿಸಿ ಮಾರುತ್ತದೆ. ಒನಕೆಯ ಕೆಲಸವನ್ನು ಯಂತ್ರ ಮಾಡಿದರೆ ಮಾತ್ರ ನವಣೆ ಅಡುಗೆಮನೆಗೆ ಮರಳುತ್ತದೆ.

ಕಳೆದ ದೀಪಾವಳಿಗೆ ಕುಂದುರ್ಪಿಗೆ ಹೋದಾಗ ಮೈದುನನ ಮಗ ನನ್ನೆದುರು ಕುಳಿತು ಒಂದು ಲೆಕ್ಕ ಮುಂದಿಟ್ಟ. “ದೊಡ್ಡಮ್ಮಾ, ಪಾವಗಡದ ಸೋಲಾರ್ ಪಾರ್ಕಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಕೊಟ್ಟರು. ಅದೇ ದರದಲ್ಲಿ ನಮ್ಮ ಏಳು ಎಕರೆಗೆ 1,47,000. ಮಳೆ ಬರಲಿ ಬಿಡಲಿ. ನಮ್ಮ ಹೊಲ ಯಾವ ವರ್ಷ ಇಷ್ಟು ಉಳಿಸಿದೆ ಹೇಳಿ?” ತಿರುಮಣಿಯ ಸುತ್ತ 13,000 ಎಕರೆಯಲ್ಲಿ ಆ ಗಾಜಿನ ಫಲಕಗಳು ಹರಡಿರುವುದನ್ನು ನಾನೂ ಕಂಡಿದ್ದೇನೆ. ಅವನ ಗಣಿತದಲ್ಲಿ ತಪ್ಪಿರಲಿಲ್ಲ. ಒಳ್ಳೆಯ ಮಾತು ಹೇಳಿ ಅವನನ್ನು ಹೊಲಕ್ಕೆ ಕಟ್ಟಿಹಾಕುವ ಹಕ್ಕು, ತಿಂಗಳ ಸಂಬಳ ಎಣಿಸುವ ನನಗಿಲ್ಲ. “ನಿನ್ನ ಅಪ್ಪನ ಹೊಲದಲ್ಲಿ ಕುಳಿತು ಇನ್ನೊಮ್ಮೆ ಲೆಕ್ಕ ಹಾಕು. ಖರ್ಚಿನ ಕಾಲಂ ಎಷ್ಟು ಇಳಿದಿದೆ ಎಂದೂ ಬರೆ” ಎಂದಷ್ಟೇ ಹೇಳಿದೆ. ಅವನು ಬರೆಯುತ್ತಿದ್ದಾನೆ. ತೀರ್ಮಾನ ಇನ್ನೂ ಆಗಿಲ್ಲ.

ಮೈದುನ ಕೇಳಿದ್ದು ಬೇರೆ. ಬದು ಸರಿಪಡಿಸಲು, ಒಂದು ಕೃಷಿಹೊಂಡಕ್ಕೆ, ಎರಡು ನಾಟಿ ಹಸುವಿಗೆ ಹಣ ಬೇಕಿತ್ತು. ಮತ್ತೆ ಬೋರ್ ಕೊರೆಸುವ ಮಾತೆತ್ತುವರೇನೋ ಎಂದು ಅಂಜಿದ್ದ ನಾನು ನಿಟ್ಟುಸಿರಿಟ್ಟು ಒಪ್ಪಿದೆ. ಹಣ ಎಣಿಸಿಕೊಡುವಾಗ ಅತ್ತೆಯವರ ಹಳೆಯ ಪ್ರಶ್ನೆ ನೆನಪಾಯಿತು. ಉತ್ತರ ಕೊಡಲು ಇಪ್ಪತ್ತು ವರ್ಷಕ್ಕೂ ಮೇಲೆ ತಡವಾಗಿತ್ತು. ಬೀಜ ಮಾತ್ರ ಹೊರಗಿನಿಂದಲೇ ತರಬೇಕಾಯಿತು. ಈಗ ಬಿತ್ತುತ್ತಿರುವ ನವಣೆ ಒಳ್ಳೆಯದೇ. ಆದರೆ ಅದು ಕೆಂಪು ತೆನೆಯದಲ್ಲ.

ವಿದ್ಯಾರ್ಥಿಗಳೇ, ನಮ್ಮ ವಿಭಾಗ ಈ ವರ್ಷ ಒಂದು ಕೆಲಸಕ್ಕೆ ಕೈಹಾಕಿದೆ. ನಿಮ್ಮಲ್ಲಿ ಹೆಚ್ಚಿನವರು ಬೇಸಾಯದ ಮನೆಗಳಿಂದ ಬಂದವರು. ಗಡಿಯ ಈಚೆಯವರೂ ಇದ್ದೀರಿ, ಆಚೆಯವರೂ ಇದ್ದೀರಿ. ದಸರಾ ರಜೆಯಲ್ಲಿ ಊರಿಗೆ ಹೋದಾಗ ಮನೆಯ ಹಿರಿಯರ ಬಳಿ, ಮುಖ್ಯವಾಗಿ ಅಜ್ಜಿಯರ ಬಳಿ, ಒಂದು ಗಂಟೆ ಕುಳಿತುಕೊಳ್ಳಿ. ಮಣ್ಣಿಗೆ, ಮಳೆಗೆ, ಬೀಜಕ್ಕೆ, ಕಳೆಗೆ, ಉಪಕರಣಕ್ಕೆ ಅವರು ಬಳಸುವ ಹೆಸರುಗಳನ್ನು ಅವರ ಉಚ್ಚಾರಣೆಯಲ್ಲೇ ಬರೆದು ತನ್ನಿ. ತೆಲುಗಾಗಲಿ, ಮರಾಠಿಯಾಗಲಿ, ಉರ್ದುವಾಗಲಿ ಬಿಡಬೇಡಿ. ಪ್ರತಿ ಹೆಸರಿನ ಮುಂದೆ ಆ ಬೀಜ ಈಗ ಯಾರ ಮನೆಯಲ್ಲಿದೆ ಎಂದು ಬರೆಯಿರಿ. ಸಿಕ್ಕರೆ ಒಂದು ಹಿಡಿ ಕಾಳನ್ನೂ ಕಾಗದದಲ್ಲಿ ಕಟ್ಟಿ ತನ್ನಿ. ವಿಭಾಗದ ಕಪಾಟಿನಲ್ಲಿ ಒಂದು ಅರೆಯನ್ನು ಖಾಲಿ ಮಾಡಿಟ್ಟಿದ್ದೇನೆ. ಕಂಬದೂರಿನ ಕಡೆಯ ಆ ಹುಡುಗ ಈಗಾಗಲೇ ಎರಡು ಪೊಟ್ಟಣ ತಂದಿಟ್ಟಿದ್ದಾನೆ. ಒಂದರ ಮೇಲೆ ಹೆಸರಿದೆ, ಇನ್ನೊಂದರದು ಅಜ್ಜಿಯನ್ನು ಕೇಳಿ ಬರೆಯಬೇಕಂತೆ.